ಕರ್ತೃವಿನ ಮಾತೂ ಕೃತಿಯ ತಾತ್ಪರ್ಯವೂ

ಕವಿಯು ತನ್ನ ಕಾವ್ಯಕ್ಕೆ ತಾನೇ ವ್ಯಾಖ್ಯಾನಕಾರನಾಗಬಹುದೆ? ಶಾಸ್ತ್ರಗ್ರಂಥಗಳಲ್ಲಿ ಆ ಪದ್ಧತಿಯುಂಟು. ಹೇಮಚಂದ್ರನು ತನ್ನ ‘ಕಾವ್ಯಾನುಶಾಸನ’ಕ್ಕೆ ತಾನೇ ವೃತ್ತಿಯನ್ನು ಬರೆದನು. ಕಾಳಿದಾಸನಾದರೋ ಕಾವ್ಯವನ್ನು ಸಹೃದಯರಿಗೊಪ್ಪಿಸಿ ಸುಮ್ಮನಾದನು. ಮಲ್ಲಿನಾಥನು ವ್ಯಾಖ್ಯಾನವನ್ನು ರಚಿಸಿದುದು ಶತಮಾನಗಳು ಕಳೆದ ಮೇಲೆ.

ಈ ಪ್ರಶ್ನೆಯು ಈಗ ಚಲಚ್ಚಿತ್ರಗಳ ವಿಷಯದಲ್ಲಿ ಪುನಃ ಎದ್ದಿರುವುದು. 1984ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆಯವರು 1933ರ ‘ಕಿಂಗ್ ಕಾಂಗ್’ ಚಿತ್ರವನ್ನು ಲೇಸರ್ ಡಿಸ್ಕಿನಲ್ಲಿ ಹೊರತಂದಾಗ, ರೊನಾಲ್ಡ್ ಹೇವರ್ ಎಂಬ ವಿದ್ವಾಂಸರ ವಿವರಣೆಯನ್ನು ಚಿತ್ರದೊಡನೆಯೇ ಕೇಳುವಂತೆ ಸೇರಿಸಿದರು. ಅವರದು ಮಲ್ಲಿನಾಥನ ಸ್ಥಾನ. ಕ್ರಮೇಣ ನಿರ್ದೇಶಕರೇ ಆ ಪೀಠವನ್ನೇರಿದರು.

ರಿಡ್ಲಿ ಸ್ಕಾಟರ ‘ಬ್ಲೇಡ್ ರನ್ನರ್’ (1982) ಚಿತ್ರವನ್ನು ನೋಡೋಣ. ಮಾನವಾಕಾರದ ಕೃತಕಜೀವಿಗಳನ್ನು ಬೇಟೆಯಾಡುವ ಡೆಕರ್ಡನು ತಾನೂ ಕೃತಕನೋ, ಮನುಷ್ಯನೋ? 1992ರ ಪರಿಷ್ಕೃತ ಪಾಠದಲ್ಲಿ ಅವನು ಒಂಟಿಕೊಂಬಿನ ಕುದುರೆಯನ್ನು ಕನಸಿನಂತೆ ಕಾಣುವನು. ಕೊನೆಯಲ್ಲಿ ಕಾಗದವನ್ನು ಮಡಿಸಿ ಮಾಡಿದ ಅದೇ ಆಕೃತಿಯು ಅವನ ಮನೆಯ ಹೊರಗೆ ಬಿದ್ದಿರುವುದು. ಇತರರು ಅವನ ಕನಸನ್ನು ಬಲ್ಲರೇ? ಇದೇ ಧ್ವನಿ. ಆದರೆ 2000ದಲ್ಲಿ ಸ್ಕಾಟರು ಅವನು ಕೃತಕಜೀವಿಯೇ ಎಂದು ಬಾಯಿಬಿಟ್ಟು ಹೇಳಿದರು. ಆ ಪಾತ್ರವನ್ನು ಧರಿಸಿದ ಹ್ಯಾರಿಸನ್ ಫೋರ್ಡರು ಅವನು ಮನುಷ್ಯನೆಂದೇ ಬಹುಕಾಲ ವಾದಿಸಿದ್ದರು. 2007ರ ಅಂತಿಮ ಪಾಠದೊಡನೆ ಸ್ಕಾಟರ ವ್ಯಾಖ್ಯಾನವೂ ಮುದ್ರಿತವಾಗಿ ಬಂದಿತು.

ರಸವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ಮಮ್ಮಟನು ದೋಷಗಳಲ್ಲೆಣಿಸಿದನು. ವ್ಯಂಗ್ಯವನ್ನು ವಾಚ್ಯವಾಗಿಸುವ ಇಂತಹ ಮಾತೂ ಅದಕ್ಕೆ ಸಮೀಪವಾದುದೇ.

ಕರ್ತೃವಿಗಿಂತ ಬಲ್ಲವರಾರು ಎಂದು ಕೇಳಬಹುದು. ಚಲಚ್ಚಿತ್ರಕ್ಕೆ ಕರ್ತೃವು ಒಬ್ಬನಲ್ಲ. ಇದೇ ಚಿತ್ರದಲ್ಲಿ ಸಾಯುವ ಕೃತಕಜೀವಿಯು ಆಡುವ, ಎಲ್ಲರೂ ನೆನೆಯುವ ಕೊನೆಯ ಮಾತನ್ನು ನಟ ರುಟ್ಗರ್ ಹೌವರರೇ ತಿದ್ದಿ, ಚಿಕ್ಕದು ಮಾಡಿ, ತಮ್ಮದೊಂದು ವಾಕ್ಯವನ್ನೂ ಸೇರಿಸಿದರು. ಹೀಗಿರಲು ಒಬ್ಬರ ವಿವಕ್ಷೆಯೇ ಕೃತಿಯ ತಾತ್ಪರ್ಯವೆಂಬುದು ಹೇಗೆ? ಮೀಮಾಂಸಕರು ತಾತ್ಪರ್ಯವನ್ನು ಉಪಕ್ರಮೋಪಸಂಹಾರಾದಿ ಲಿಂಗಗಳಿಂದ, ಅಂದರೆ ಗ್ರಂಥದೊಳಗಿನಿಂದಲೇ, ನಿರ್ಣಯಿಸುವರು.

ಈ ವಿಷಯದಲ್ಲಿ ನಾನೂ ಅಪರಾಧಿಯೇ. ಪಾಠ ಹೇಳುತ್ತಿದ್ದ ಕಾಲದಲ್ಲಿ ಶ್ಲೋಕಕ್ಕೆ ಮೊದಲೇ ತಾತ್ಪರ್ಯವನ್ನು ಬರೆಯಿಸುತ್ತಿದ್ದೆನು. ಹುಡುಗರು ಅದನ್ನು ಬಾಯಿಪಾಠ ಮಾಡಿದರು. ಶ್ಲೋಕದ ಕಡೆಗೆ ತಿರುಗಿ ನೋಡಲಿಲ್ಲ.

ಆದುದರಿಂದ ವಾಚಕಮಹಾಶಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಚಿತ್ರವು ಹೇಗೆ ನಿರ್ಮಿತವಾಯಿತೆಂಬುದನ್ನು ನಿರ್ದೇಶಕರಿಂದ ಅವಶ್ಯವಾಗಿ ಕೇಳಿರಿ, ಅದನ್ನು ಅವರಷ್ಟು ಬಲ್ಲವರು ವಿರಳ. ಅರ್ಥದ ವಿಷಯದಲ್ಲಿ ಮಾತ್ರ ಮೊದಲು ಚಿತ್ರವನ್ನು ಮೌನವಾಗಿ ನೋಡಿರಿ. ಬಳಿಕ ಅವರ ಮಾತನ್ನು ಒಂದು ಘನವಾದ ಪಕ್ಷವೆಂದು ಪರಿಗಣಿಸಿರಿ. ಸಿದ್ಧಾಂತವನ್ನು ಹೇಳಬೇಕಾದುದು ಕೃತಿಯೇ.