ಹೊಣೆ ಮತ್ತು ಪ್ರಾಯಶ್ಚಿತ್ತ: ಐರ್ಲೆಂಡಿನ ಕ್ಯಾಥೊಲಿಕರಿಗೆ ಹದಿನಾರನೆಯ ಬೆನೆಡಿಕ್ಟರು ಬರೆದ ಪತ್ರ

2010ನೆಯ ಇಸವಿ ಮಾರ್ಚ್ 19ರಂದು ಪೋಪ್ ಹದಿನಾರನೆಯ ಬೆನೆಡಿಕ್ಟರು ಐರ್ಲೆಂಡಿನ ಕ್ಯಾಥೊಲಿಕರೆಲ್ಲರನ್ನೂ ಉದ್ದೇಶಿಸಿ ಒಂದು ಪತ್ರವನ್ನು ಬರೆದರು. ಪಾದ್ರಿಗಳೂ ಸಂನ್ಯಾಸಿಗಳೂ ಮಕ್ಕಳ ಮೇಲೆ ನಡೆಸಿದ ಅತ್ಯಾಚಾರವೇ ಅದರ ವಿಷಯ. ನೊಂದವರು, ನೋಯಿಸಿದವರು, ತಂದೆತಾಯಿಗಳು, ಎಳೆಯರು, ಪಾದ್ರಿಗಳು, ಬಿಷಪ್ಪರು, ಕಡೆಗೆ ಭಕ್ತಸಮುದಾಯ, ಹೀಗೆ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಸಂಬೋಧಿಸಿ, ಹದಿನಾಲ್ಕು ಪ್ರಕರಣಗಳಲ್ಲಿ ಸಾಗುವ ಈ ಲೇಖನವು ಧರ್ಮಬೋಧೆಯ ಸಾಹಿತ್ಯದಲ್ಲಿ ಗಣನೀಯವಾದುದು. ಶೈಲಿ ಗಂಭೀರವಾದುದು, ದುಃಖವು ಕೃತಕವಲ್ಲ. ಆದರೂ ಇದನ್ನು ಓದಿ ಮುಗಿಸಿದವನಿಗೆ ಒಂದು ಕೊರತೆಯು ತೋರದೆ ಇರದು. ಆ ಕೊರತೆಯು ಭಾವದಲ್ಲಿಲ್ಲ, ವ್ಯಾಕರಣದಲ್ಲಿದೆ.

ಪತ್ರಕ್ಕೆ ಕಾರಣವಾದ ಎರಡು ವರದಿಗಳನ್ನು ಮೊದಲು ನೆನೆಯಬೇಕು. ಎರಡೂ 2009ರಲ್ಲಿ ಪ್ರಕಟವಾದವು. ಮೇ ತಿಂಗಳಿನಲ್ಲಿ ಬಂದ ರಯನ್ ವರದಿಯು ಧಾರ್ಮಿಕ ಸಂಘಗಳ ಆಡಳಿತದಲ್ಲಿದ್ದ ಅನಾಥ ಮಕ್ಕಳ ಶಾಲೆಗಳ ವೃತ್ತಾಂತವನ್ನು 1936ರಿಂದ ಮೊದಲುಗೊಂಡು ಹೇಳುವುದು. ನವೆಂಬರ್ ತಿಂಗಳಿನಲ್ಲಿ ಬಂದ ಮರ್ಫಿ ವರದಿಯು ಡಬ್ಲಿನ್ ಆರ್ಚ್‌ಬಿಷಪ್ಪರ ಪ್ರಾಂತ್ಯದಲ್ಲಿ 1975ರಿಂದ 2004ರವರೆಗೆ ಬಂದ ದೂರುಗಳನ್ನು ಅಲ್ಲಿಯ ಅಧಿಕಾರಿಗಳು ಹೇಗೆ ನಿರ್ವಹಿಸಿದರೆಂಬುದನ್ನು ಪರೀಕ್ಷಿಸಿತು. ಮಾದರಿಯಾಗಿ ಆರಿಸಿಕೊಂಡವರು 46 ಮಂದಿ ಪಾದ್ರಿಗಳು. ಅವರ ಮೇಲಿನ ದೂರುಗಳು 320ಕ್ಕಿಂತ ಹೆಚ್ಚು ಮಕ್ಕಳಿಗೆ ಸಂಬಂಧಿಸಿದವು. ಗೋಪ್ಯವನ್ನು ಕಾಪಾಡುವುದು, ಅಪವಾದವನ್ನು ತಪ್ಪಿಸುವುದು, ಧರ್ಮಸಭೆಯ ಹೆಸರನ್ನೂ ಆಸ್ತಿಯನ್ನೂ ಉಳಿಸುವುದು, ಇವೇ ಅಧಿಕಾರಿಗಳ ಮುಖ್ಯ ಚಿಂತೆಯಾಗಿದ್ದುವು. ಮಕ್ಕಳ ಕ್ಷೇಮವು ಇವಕ್ಕೆ ಅಧೀನವಾಗಿತ್ತು ಎಂಬುದು ಆ ವರದಿಯ ನಿರ್ಣಯ. ಪೊಲೀಸರು ಕೂಡ ಪಾದ್ರಿಗಳನ್ನು ತಮ್ಮ ಎಲ್ಲೆಗೆ ಹೊರಗಿನವರೆಂದು ಎಣಿಸಿದ್ದುದನ್ನು ವರದಿಯು ಮರೆಮಾಚಿಲ್ಲ.

ಆ ವರದಿಯಲ್ಲಿರುವ ಒಂದು ಪ್ರಸಂಗವು ಭಾಷಾಭ್ಯಾಸಿಗಳಿಗೆ ವಿಶೇಷವಾಗಿ ಗಮನಾರ್ಹವಾದುದು. ಅತ್ಯಾಚಾರಕ್ಕೆ ಗುರಿಯಾದವರೊಬ್ಬರಿಗೆ ಪರಿಹಾರ ಕೊಡಲೆಂದು 1993ರಲ್ಲಿ ಪ್ರಾಂತ್ಯದ ಹಣದಿಂದ ಅಪರಾಧಿಯಾದ ಪಾದ್ರಿಗೆ ಸಾಲವನ್ನು ಕೊಡಲಾಗಿತ್ತು. ಅನಂತರ ಆರ್ಚ್‌ಬಿಷಪ್ ಡೆಸ್ಮಂಡ್ ಕಾನೆಲರು, ಇಂಥ ಕಾರ್ಯಕ್ಕೆ ಪ್ರಾಂತ್ಯದ ಹಣವನ್ನು ಬಳಸುವುದಿಲ್ಲವೆಂದು ಸಾರ್ವಜನಿಕವಾಗಿ ಹೇಳಿದರು. ಬಳಸಲಿಲ್ಲವೆಂದು ತಾವು ಹೇಳಲಿಲ್ಲ, ಬಳಸುವುದಿಲ್ಲವೆಂದು ಮಾತ್ರ ಹೇಳಿದೆವು, ಆದ್ದರಿಂದ ಅದು ಸುಳ್ಳಲ್ಲ ಎಂಬುದು ಮುಂದೆ ಅವರು ಕೊಟ್ಟ ಸಮಾಧಾನ. ನುಡಿಯುವವನು ತನ್ನ ಮಾತಿನ ಒಂದು ಭಾಗವನ್ನು ಮನಸ್ಸಿನಲ್ಲಿಯೇ ಹಿಡಿದಿಟ್ಟುಕೊಂಡು, ಕೇಳುವವನು ತಪ್ಪಾಗಿ ಗ್ರಹಿಸಲೆಂದು ಬಿಡುವ ಈ ಉಪಾಯಕ್ಕೆ ಪಾಶ್ಚಾತ್ಯ ನೀತಿಶಾಸ್ತ್ರದಲ್ಲಿ ಹಳೆಯ ಹೆಸರೂ ಹಳೆಯ ವಾದಗಳೂ ಉಂಟು. ಭೂತಕಾಲ ವರ್ತಮಾನಕಾಲಗಳ ಭೇದದಲ್ಲಿ ಒಂದು ಪ್ರಾಂತ್ಯದ ಸತ್ಯವು ಅಡಗಿ ಕುಳಿತ ಇಂಥ ನಿದರ್ಶನವು ವ್ಯಾಕರಣ ಪುಸ್ತಕಗಳಲ್ಲಿ ದೊರೆಯುವುದು ಕಷ್ಟ.

ಹೀಗಿರುವಲ್ಲಿ, ಪೋಪರ ಪತ್ರದ ಕ್ರಿಯಾಪದಗಳನ್ನು ಎಚ್ಚರದಿಂದ ನೋಡುವುದು ಕುತರ್ಕವಾಗದು. ಅಪರಾಧಿಗಳಾದ ಪಾದ್ರಿಗಳನ್ನು ಕುರಿತು ನುಡಿಯುವಾಗ ವಾಕ್ಯವು ನೇರವಾಗಿದೆ. ನೀವು ನಂಬಿಕೆಗೆ ದ್ರೋಹ ಮಾಡಿದಿರಿ. ದೇವರ ಮುಂದೆಯೂ ನ್ಯಾಯಸ್ಥಾನಗಳ ಮುಂದೆಯೂ ನೀವು ಉತ್ತರ ಹೇಳಬೇಕು ಎಂಬುದು ಅಲ್ಲಿನ ಭಾವ. ಕರ್ತೃವಿದೆ, ಕರ್ಮವಿದೆ, ತೀರ್ಪು ಕೊಡತಕ್ಕ ಸ್ಥಾನವೂ ಇದೆ. ಬಿಷಪ್ಪರ ಪ್ರಕರಣಕ್ಕೆ ಬಂದೊಡನೆ ವಾಕ್ಯದ ಮೈಕಟ್ಟೇ ಬದಲಾಗುತ್ತದೆ. ಅವರಲ್ಲಿ ಕೆಲವರು ಧರ್ಮಸಭೆಯ ದಂಡವಿಧಿಗಳನ್ನು ಅನ್ವಯಿಸದೆ ಹೋದರೆಂಬ ಆರಂಭದ ಮಾತು ಸ್ಪಷ್ಟವಾಗಿದೆ. ಅಲ್ಲಿಂದ ಮುಂದೆ ತಪ್ಪುಗಳು ಮಾಡಲ್ಪಡುತ್ತವೆ, ನಾಯಕತ್ವದ ಲೋಪಗಳು ತಾವಾಗಿ ಸಂಭವಿಸುತ್ತವೆ. ಕನ್ನಡದ ಜಾಯಮಾನಕ್ಕೆ ಕರ್ಮಣಿಪ್ರಯೋಗವು ಅಷ್ಟಾಗಿ ಒಗ್ಗದು. ಈ ಪ್ರಕರಣವನ್ನು ಅನುವಾದಿಸಹೊರಟವನು ಮಾಡಿದವರು ಯಾರೆಂದು ಹೆಜ್ಜೆಹೆಜ್ಜೆಗೂ ಕೇಳಿಕೊಳ್ಳಬೇಕಾಗುವುದು. ಸಮಸ್ಯೆಯ ಆಳವನ್ನು ಅರಿಯುವುದು ಕಷ್ಟವಾಗಿತ್ತೆಂದೂ ತಜ್ಞರ ಸಲಹೆಗಳು ಪರಸ್ಪರ ವಿರುದ್ಧವಾಗಿದ್ದುವೆಂದೂ ಪತ್ರವು ಅವರ ಪರವಾಗಿ ಹೇಳುವುದು. ಆದರೆ ಡಬ್ಲಿನ್ ಪ್ರಾಂತ್ಯವು ಇಂಥ ದಾವೆಗಳಿಗೆಂದು 1987ರಲ್ಲಿಯೇ ವಿಮೆ ಮಾಡಿಸಿತ್ತು. ಆಳವನ್ನು ಅರಿಯದವರು ವಿಮೆ ಮಾಡಿಸುವರೆ?

ಇನ್ನು ರೋಮಿನ ಮಾತು ಬಂದರೆ, ವಾಕ್ಯದಲ್ಲಿ ಕರ್ತೃವೇ ಇಲ್ಲ. ಆ ವಾಕ್ಯವೇ ಇಲ್ಲ. ಪತ್ರವನ್ನು ಬರೆದವರು 1981ರಿಂದ 2005ರವರೆಗೆ ಧರ್ಮಸಿದ್ಧಾಂತ ಸಂರಕ್ಷಣೆಯ ಇಲಾಖೆಗೆ ಮುಖ್ಯಸ್ಥರಾಗಿದ್ದವರು. 2001ರ ಪೋಪರ ಶಾಸನದಂತೆ ಜಗತ್ತಿನ ಇಂಥ ದೂರುಗಳೆಲ್ಲ ಆ ಇಲಾಖೆಗೆ ಹೋಗತಕ್ಕುವಾಗಿದ್ದುವು. ಅದೇ ಇಲಾಖೆಗೆ ಮರ್ಫಿ ಆಯೋಗವು 2006ರಲ್ಲಿ ಮಾಹಿತಿಯನ್ನು ಬೇಡಿ ಬರೆದಾಗ ಉತ್ತರ ಬರಲಿಲ್ಲ. ರಾಯಭಾರದ ಮಾರ್ಗವಾಗಿ ಕೇಳಲಿಲ್ಲವೆಂಬ ಆಕ್ಷೇಪಣೆ ಮಾತ್ರ ಬಂದಿತು. ಇವೊಂದನ್ನೂ ಪತ್ರವು ಪ್ರಸ್ತಾಪಿಸುವುದಿಲ್ಲ. ಐರಿಷ್ ಬಿಷಪ್ಪರು 1996ರಲ್ಲಿ, ದೂರು ಬಂದಾಗ ಪೊಲೀಸರಿಗೆ ತಿಳಿಸಬೇಕೆಂಬ ನಿಯಮಾವಳಿಯೊಂದನ್ನು ತಾವೇ ಸಿದ್ಧಪಡಿಸಿದ್ದರು. ಕಡ್ಡಾಯವಾಗಿ ತಿಳಿಸುವುದರ ಬಗ್ಗೆ ರೋಮಿನ ಪಾದ್ರಿವರ್ಗದ ಇಲಾಖೆಗೆ ಗಂಭೀರವಾದ ಸಂದೇಹಗಳಿವೆಯೆಂದು 1997ರಲ್ಲಿ ಪೋಪರ ರಾಯಭಾರಿಯು ಅವರಿಗೆ ಬರೆದನು. ಆ ಕಾಗದವು ಹೊರಬಿದ್ದುದು 2011ರ ಜನವರಿಯಲ್ಲಿ. ದೇಶದ ಕಾನೂನಿಗೆ ಅಡ್ಡಬರುವ ಉದ್ದೇಶವು ಅದಕ್ಕೆ ಇರಲಿಲ್ಲವೆಂದು ವ್ಯಾಟಿಕನ್ ಅದೇ ವರ್ಷ ವಾದಿಸಿತು. ವಾದವು ಹೇಗೇ ಇರಲಿ, ವಿಧಿಗಳನ್ನು ಅನ್ವಯಿಸಲಿಲ್ಲವೆಂದು ಬಿಷಪ್ಪರನ್ನು ಆಕ್ಷೇಪಿಸುವ ಪ್ರಕರಣವನ್ನು ಈ ಕಾಗದದ ಪಕ್ಕದಲ್ಲಿಟ್ಟು ಓದಿದರೆ ಅದು ಬೇರೊಂದು ಅರ್ಥವನ್ನು ಕೊಡುವುದು.

ಕಾರಣಗಳನ್ನು ಎಣಿಸುವ ನಾಲ್ಕನೆಯ ಪ್ರಕರಣವು ಎಲ್ಲಕ್ಕಿಂತ ದುರ್ಬಲವಾದುದು. ಪಾದ್ರಿಗಳ ಆಯ್ಕೆ ಶಿಕ್ಷಣಗಳ ಲೋಪವನ್ನೂ ಹೆಸರಿನ ಮೇಲಿನ ಮೋಹವನ್ನೂ ಅದು ಪ್ರಾಮಾಣಿಕವಾಗಿ ಹೇಳುವುದು ನಿಜ. ಆದರೆ ಅವಕ್ಕೆ ಮುಂಚೆ ಲೌಕಿಕತೆಯ ಪ್ರಸಾರವನ್ನೂ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಆಶಯಗಳ ಅಪಾರ್ಥವನ್ನೂ ಮುಂದಿಡುವುದು. ಆ ಮಹಾಸಭೆ ನಡೆದುದು 1962ರಿಂದ 1965ರವರೆಗೆ. ರಯನ್ ವರದಿಯ ಸಾಕ್ಷ್ಯಗಳಲ್ಲಿ ಬಹುಭಾಗವು ಅದಕ್ಕೂ ಹಿಂದಿನದು. ಐರ್ಲೆಂಡ್ ಅತ್ಯಂತ ಭಕ್ತಿಯುತವಾಗಿತ್ತೆಂದು ಹೇಳುವ ಕಾಲದ್ದು. ಕಾರ್ಯದ ತರುವಾಯ ಹುಟ್ಟಿದುದು ಕಾರಣವಾಗಲಾರದೆಂಬುದಕ್ಕೆ ನ್ಯಾಯಶಾಸ್ತ್ರದ ಪ್ರಮಾಣವು ಬೇಡ. ಹೊಣೆಯನ್ನು ಮೇಲಿನವರ ಮೇಲೆ ಹೊರಿಸುವ ಮಾತು ಈ ಸಂಪ್ರದಾಯಕ್ಕೆ ಪರಕೀಯವೂ ಅಲ್ಲ: ಹನ್ನೊಂದನೆಯ ಶತಮಾನದ ನಡುವೆ ಪೀಟರ್ ಡೇಮಿಯನ್ ಎಂಬ ಯತಿಯು ಪೋಪ್ ಒಂಬತ್ತನೆಯ ಲಿಯೋಗೆ ಬರೆದ ಗ್ರಂಥದಲ್ಲಿ, ಕೆಳಗಿನವರ ದುರಾಚಾರವನ್ನು ತಿದ್ದದೆ ಸಹಿಸುವ ಮೇಲಧಿಕಾರಿಯೂ ಆ ದೋಷದಲ್ಲಿ ಪಾಲುಗಾರನೆಂದು ಖಂಡಿತವಾಗಿ ಸಾರಿದ್ದನು.

ಪತ್ರದ ಕೊನೆಯ ಭಾಗವು ಆತ್ಮಿಕ ನವೀಕರಣವನ್ನು ಕುರಿತುದು. 2011ರ ಈಸ್ಟರಿನವರೆಗೆ ಶುಕ್ರವಾರಗಳ ಉಪವಾಸ ಪ್ರಾರ್ಥನೆಗಳು, ಪಾಪನಿವೇದನೆ, ಪರಮಪ್ರಸಾದದ ಆರಾಧನೆ, ಕೆಲವು ಪ್ರಾಂತ್ಯಗಳಿಗೂ ಗುರುಮಠಗಳಿಗೂ ರೋಮಿನಿಂದ ಪರಿಶೀಲಕರ ಆಗಮನ, ಬಿಷಪ್ಪರಿಗೂ ಪಾದ್ರಿಗಳಿಗೂ ವಿಶೇಷವಾದ ಧ್ಯಾನಕೂಟ: ಇವು ಅಲ್ಲಿಯ ವಿಧಾನಗಳು. ಇವುಗಳನ್ನು ಹಗುರವಾಗಿ ಕಾಣುವುದು ಸಲ್ಲದು. ಪಾಪವೆಂದು ನಂಬುವ ಸಮಾಜಕ್ಕೆ ಪ್ರಾಯಶ್ಚಿತ್ತವು ಬೇಕೇ ಬೇಕು. ತೊಡಕಿರುವುದು ಹಂಚಿಕೆಯಲ್ಲಿ. ಮಗನನ್ನು ನಂಬಿ ಕಳುಹಿಸಿ ಮೋಸಹೋದ ತಾಯಿಯೂ, ದೂರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ ಅಧಿಕಾರಿಯೂ ಒಂದೇ ಶುಕ್ರವಾರ ಒಂದೇ ಉಪವಾಸವನ್ನು ಮಾಡಬೇಕು! ಕನ್ನಡದಲ್ಲಿ ಹೊಣೆಯೆಂದರೆ ಜಾಮೀನು. ಒಬ್ಬನ ನಡತೆಗೆ ಮತ್ತೊಬ್ಬನು ಜನರ ಮುಂದೆ ಕೊಡುವ ಭರವಸೆ. ಒಬ್ಬ ಪಾದ್ರಿಯನ್ನು ಒಂದು ಊರಿನಿಂದೆತ್ತಿ ಇನ್ನೊಂದು ಊರಿಗೆ ಕಳುಹಿಸುವ ಬಿಷಪ್ಪನು ಆ ಎರಡನೆಯ ಊರಿಗೆ ಕೊಡುವುದು ಇಂಥ ಜಾಮೀನನ್ನೇ. ಪಾಪವನ್ನು ದೇವರು ಕ್ಷಮಿಸಬಹುದು; ಜಾಮೀನನ್ನು ತೀರಿಸಬೇಕಾದುದು ಕೊಟ್ಟವರಿಗೆ. ಹೊಣೆಯ ಈ ಅರ್ಥಕ್ಕೆ ಪತ್ರದಲ್ಲಿ ಎಡೆಯಿಲ್ಲ.

ಎಡೆಯಿಲ್ಲದುದರ ಪರಿಣಾಮವು ಬೇಗನೆ ಕಂಡಿತು. ಮೂವರು ಪೋಪರಿಗೆ ಕಾರ್ಯದರ್ಶಿಯಾಗಿದ್ದ ಕ್ಲಾಯ್ನಿನ ಬಿಷಪ್ ಜಾನ್ ಮ್ಯಾಗೀಯವರ ರಾಜೀನಾಮೆಯು ಪತ್ರ ಹೊರಟ ಐದನೆಯ ದಿನ ಅಂಗೀಕೃತವಾಯಿತು. ಡಬ್ಲಿನಿನ ಇಬ್ಬರು ಸಹಾಯಕ ಬಿಷಪ್ಪರ ರಾಜೀನಾಮೆಯು ಅದೇ ಆಗಸ್ಟಿನಲ್ಲಿ ತಿರಸ್ಕೃತವಾಯಿತು. ಎರಡಕ್ಕೂ ಅಳತೆಗೋಲು ಯಾವುದೆಂದು ಜನರಿಗೆ ತಿಳಿಯಲಿಲ್ಲ.

ಎಂಟು ವರ್ಷಗಳ ಮೇಲೆ, 2018ರ ಆಗಸ್ಟಿನಲ್ಲಿ, ಪೋಪ್ ಫ್ರಾನ್ಸಿಸರು ಡಬ್ಲಿನಿನಲ್ಲಿ ಪೂಜೆಯ ಆರಂಭದಲ್ಲಿಯೇ ಕ್ಷಮೆ ಬೇಡಿದಾಗ, ಹೊಣೆಯನ್ನು ವಹಿಸದೆ ಮೌನವಾಗಿದ್ದ ಮೇಲಧಿಕಾರಿಗಳನ್ನು ಪ್ರತ್ಯೇಕವಾಗಿ ಎಣಿಸಿದರು. ವಾಕ್ಯಕ್ಕೆ ಕರ್ತೃವು ದೊರೆತನು. 2019ರ ಮೇ ತಿಂಗಳಿನಲ್ಲಿ ಅವರು ಹೊರಡಿಸಿದ ಶಾಸನವು ವಿಚಾರಣೆಯನ್ನು ತಡೆಯುವ ಅಥವಾ ತಪ್ಪಿಸುವ ಬಿಷಪ್ಪನ ನಡತೆಯನ್ನೂ ದೂರಿಗೆ ಒಳಪಡಿಸಿತು. ಅದೇ ಡಿಸೆಂಬರಿನಲ್ಲಿ ಇಂಥ ವ್ಯವಹಾರಗಳ ಮೇಲಿದ್ದ ಪೋಪರ ಗೋಪ್ಯವಿಧಿಯು ರದ್ದಾಯಿತು. 2023ರಲ್ಲಿ ಆ ಶಾಸನವು ಕೆಲವು ತಿದ್ದುಪಡಿಗಳೊಡನೆ ಸ್ಥಿರವಾಯಿತು. ಆದರೆ ಬಿಷಪ್ಪನ ಮೇಲಿನ ದೂರನ್ನು ವಿಚಾರಿಸತಕ್ಕವನು ಸಾಮಾನ್ಯವಾಗಿ ಅದೇ ಸೀಮೆಯ ಆರ್ಚ್‌ಬಿಷಪ್ಪನೇ. ಭಕ್ತರಲ್ಲಿ ಬಲ್ಲವರ ನೆರವನ್ನು ಅವನು ಪಡೆಯಬಹುದು. ಪೊಲೀಸರಿಗೆ ತಿಳಿಸುವ ವಿಷಯದಲ್ಲಿ ಶಾಸನವು ಆಯಾ ದೇಶದ ಕಾನೂನಿಗೆ ಅಡ್ಡಿಯಿಲ್ಲವೆಂದು ಹೇಳಿ ನಿಂತಿದೆ. ಕಾನೂನು ಬಲಾತ್ಕರಿಸದ ದೇಶದಲ್ಲಿ ತಿಳಿಸಲೇಬೇಕೆಂದು ಅದು ವಿಧಿಸಿಲ್ಲ.