ಹ್ಯೂಮ್‌ನ ಅಡಿಟಿಪ್ಪಣಿ

ಎಡಿನ್‌ಬರೋದ ರಾಯಲ್ ಮೈಲ್‌ನಲ್ಲಿ, ಹೈಕೋರ್ಟಿನ ಬಳಿ, ಡೇವಿಡ್ ಹ್ಯೂಮ್ ಕಂಚಿನ ವಿಗ್ರಹವಾಗಿ ಕುಳಿತಿದ್ದಾನೆ. ಅವನ ಕಾಲಿನ ಹೆಬ್ಬೆರಳು ಮಾತ್ರ ಫಳಫಳ ಹೊಳೆಯುತ್ತದೆ. ಅದನ್ನು ಉಜ್ಜಿದರೆ ಒಳ್ಳೆಯದಾಗುತ್ತದೆಂದು ವಿದ್ಯಾರ್ಥಿಗಳೂ ಪ್ರವಾಸಿಗಳೂ ನಂಬಿದ್ದಾರೆ. ಜೀವನವಿಡೀ ಮೂಢನಂಬಿಕೆಯ ವಿರುದ್ಧ ಬರೆದವನ ಕಾಲಿಗೆ ಈ ಪೂಜೆ! ಊರಿಂದ ಬಂದ ನೆಂಟರ ಜೊತೆ ಹೋದಾಗ ನಾನೂ ಉಜ್ಜಿದ್ದೇನೆ, ಸುಳ್ಳೇಕೆ ಹೇಳಲಿ.

ಹ್ಯೂಮ್ ಮೂವತ್ತು ತುಂಬುವ ಮೊದಲೇ, 1739–40ರಲ್ಲಿ, ಪ್ರಕಟಿಸಿದ ‘ಎ ಟ್ರೀಟಿಸ್ ಆಫ್ ಹ್ಯೂಮನ್ ನೇಚರ್’ನ ಮೂರನೆಯ ಭಾಗ ನೀತಿಯನ್ನು ಕುರಿತದ್ದು. ಅಲ್ಲೊಂದು ಉದಾಹರಣೆಯಿದೆ. ಓಕ್ ಮರದ ಬೀಜ ಬುಡದಲ್ಲೇ ಮೊಳೆತು, ಎತ್ತರಕ್ಕೆ ಬೆಳೆದು, ಕೊನೆಗೆ ಹೆತ್ತ ಮರವನ್ನೇ ಕೊಲ್ಲುತ್ತದೆ. ಮಗ ತಂದೆಯನ್ನು ಕೊಂದಾಗಲೂ ಇರುವುದು ಅದೇ ಸಂಬಂಧ. ಒಂದನ್ನು ಪಾತಕ ಎನ್ನುತ್ತೇವೆ, ಇನ್ನೊಂದನ್ನು ಎನ್ನುವುದಿಲ್ಲ. ಹಾಗಾದರೆ ಪಾತಕವೆಂಬುದು ಎಲ್ಲಿದೆ? ಬುದ್ಧಿ ಹೋಲಿಸಿ ನೋಡುವ ಸಂಬಂಧಗಳಲ್ಲಿ ಇಲ್ಲ. ನೋಡುವವನ ಎದೆಯಲ್ಲಿ ಏಳುವ ಅಸಮ್ಮತಿಯಲ್ಲಿದೆ. ‘ಇದೆ’ ಎಂಬುದರಿಂದ ‘ಇರಬೇಕು’ ಎಂಬುದಕ್ಕೆ ನೀತಿಕಾರರು ಸದ್ದಿಲ್ಲದೆ ಜಾರಿಬಿಡುತ್ತಾರೆ ಎಂಬ ಪ್ರಸಿದ್ಧ ಆಕ್ಷೇಪವೂ ಇದೇ ಭಾಗದ್ದು. ಮನುಷ್ಯರು ಏನನ್ನು ಮೆಚ್ಚುತ್ತಾರೆ, ಯಾವುದಕ್ಕೆ ಹೇಸುತ್ತಾರೆ ಎಂಬುದನ್ನು ಗಮನಿಸಿಯೇ ನೀತಿಯನ್ನು ತಿಳಿಯಬೇಕು. ಇದನ್ನು ನಾವು ‘ಅನುಭವವಾದ’ ಎನ್ನುತ್ತೇವೆ. ಅನುಭವ ಮಂಟಪದ ನೆನಪಿರುವ ಕನ್ನಡಿಗರಿಗೆ ಆ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಹ್ಯೂಮ್‌ನ ಅನುಭವ ಸಾಕ್ಷಾತ್ಕಾರವಲ್ಲ. ಕಣ್ಣು ಕಿವಿಗೆ ಬಿದ್ದದ್ದರ, ಮನಸ್ಸಿಗೆ ತಟ್ಟಿದ್ದರ ಲೆಕ್ಕ.

ಅವನ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹತ್ತಿರ–ದೂರಗಳ ಚರ್ಚೆ. ಹತ್ತಿರದವರ, ನಮ್ಮಂತಿರುವವರ ನೋವು ನಮಗೆ ಹೆಚ್ಚು ತಟ್ಟುತ್ತದೆ ಎನ್ನುತ್ತಾನೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಚಿತ್ರಗಳು ಫೋನಿಗೆ ಬರುತ್ತಿದ್ದಾಗ ನನಗೆ ಊಟ ಸೇರಲಿಲ್ಲ. ಅದೇ ವಾರ ಕೆಳಗಿನ ಮನೆಯ ಮುದುಕರನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದರು. ಗದ್ದಲವೆಂದು ನಾನು ಕಿಟಕಿ ಮುಚ್ಚಿದೆ. ಹತ್ತಿರ ಎಂಬುದು ಬರೀ ಮೈಲಿಯ ಲೆಕ್ಕವಲ್ಲವೆಂದು ವಲಸೆ ಬಂದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಹ್ಯೂಮ್ ಅಲ್ಲಿಗೇ ನಿಲ್ಲುವುದಿಲ್ಲ. ಸಹಾನುಭೂತಿ ಹೀಗೆ ಏರಿಳಿಯುವಾಗ, ಚೀನಾದ ಸದ್ಗುಣವನ್ನೂ ಇಂಗ್ಲೆಂಡಿನದರಷ್ಟೇ ಮೆಚ್ಚುವುದು ಹೇಗೆ ಎಂಬ ಆಕ್ಷೇಪವನ್ನು ತಾನೇ ಎತ್ತುತ್ತಾನೆ. ದೂರದ ವಸ್ತು ಕಣ್ಣಿಗೆ ಚಿಕ್ಕದಾಗಿ ಕಂಡರೂ ಅದು ಚಿಕ್ಕದೆಂದು ನಾವು ತೀರ್ಮಾನಿಸುವುದಿಲ್ಲ, ತಿದ್ದಿಕೊಳ್ಳುತ್ತೇವೆ. ಹಾಗೆಯೇ ನಾವು ನಿಂತ ಜಾಗ ಬಿಟ್ಟು, ಆ ವ್ಯಕ್ತಿಯ ಜೊತೆ ಒಡನಾಡುವವರ ಕಡೆಯಿಂದ ನೋಡಿ ತೀರ್ಪು ಕೊಡುತ್ತೇವೆ. ಎದೆ ಬದಲಾಗದಿದ್ದರೂ ಮಾತಾದರೂ ತಿದ್ದಿಕೊಳ್ಳುತ್ತದೆ. ಅನುಭವವಾದಿ ನೀತಿಯ ಅತ್ಯುತ್ತಮ ಪುಟಗಳಿವು ಎಂದು ನನ್ನ ಎಣಿಕೆ. ಕಾಂಟ್‌ನ ಕಟ್ಟಳೆಗಿಂತ ನನಗೆ ಇದರಲ್ಲೇ ನಂಬಿಕೆ ಹೆಚ್ಚು.

ಆದ್ದರಿಂದಲೇ 1753ರ ಅಡಿಟಿಪ್ಪಣಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ‘ಆಫ್ ನ್ಯಾಷನಲ್ ಕ್ಯಾರೆಕ್ಟರ್ಸ್’ ಪ್ರಬಂಧಕ್ಕೆ ಹ್ಯೂಮ್ ಆಗ ಸೇರಿಸಿದ ಆ ಟಿಪ್ಪಣಿ, ಕಪ್ಪು ಜನರೂ ಬಿಳಿಯರಲ್ಲದ ಇತರರೂ ಹುಟ್ಟಿನಿಂದಲೇ ಕೀಳಿರಬೇಕೆಂದು ಶಂಕಿಸುತ್ತದೆ. ಆ ‘ಇತರ’ರಲ್ಲಿ ನಾವೂ ಇದ್ದೆವು. ಜಮೈಕಾದಲ್ಲಿ ವಿದ್ಯಾವಂತ ಕಪ್ಪು ಮನುಷ್ಯನೊಬ್ಬನಿದ್ದಾನಂತೆ, ಅದು ಗಿಳಿಪಾಠವಿರಬೇಕು ಎಂದು ತಳ್ಳಿಹಾಕುತ್ತದೆ. ಅವನು ಲ್ಯಾಟಿನ್‌ನಲ್ಲಿ ಪದ್ಯ ಬರೆದ ಫ್ರಾನ್ಸಿಸ್ ವಿಲಿಯಮ್ಸ್ ಎಂದು ವಿದ್ವಾಂಸರು ಗುರುತಿಸುತ್ತಾರೆ. ಆ ಪದ್ಯವನ್ನು ಓದಿ ನೋಡಿದ ಸುಳಿವು ಟಿಪ್ಪಣಿಯಲ್ಲಿ ಇಲ್ಲ. ಪವಾಡ ಕಂಡೆವೆನ್ನುವವರ ಸಾಕ್ಷ್ಯವನ್ನು ತೂಗಿ ನೋಡಬೇಕೆಂದು ಕಲಿಸಿದವನೇ ಇಲ್ಲಿ ಬಾಯಿಮಾತನ್ನು ಅನುಭವವೆಂದು ಬಗೆದ.

ಕಾಲವೇ ಹಾಗಿತ್ತು ಎನ್ನುವ ಸಮರ್ಥನೆ ಸಾಲದು. ಅವನ ಕಡುವಿರೋಧಿ, ಆಬರ್ಡೀನಿನ ಜೇಮ್ಸ್ ಬೀಟಿ, 1770ರಲ್ಲೇ ಆ ಟಿಪ್ಪಣಿಯನ್ನು ಹಿಡಿದು ಜಾಡಿಸಿದ್ದ: ಆ ಜನರನ್ನೆಲ್ಲ ಕಂಡು ಮಾತಾಡಿಸದೆ ಹೀಗೆ ಹೇಳುವ ಅಧಿಕಾರ ಎಲ್ಲಿಂದ ಬಂತು? ಮೆಕ್ಸಿಕೊ, ಪೆರುಗಳ ಸಾಮ್ರಾಜ್ಯಗಳು ಕಾಣಲಿಲ್ಲವೇ? ಬೀಟಿ ತತ್ತ್ವಜ್ಞಾನಿಯಾಗಿ ಹ್ಯೂಮ್‌ನ ಹತ್ತಿರಕ್ಕೂ ಬರುವವನಲ್ಲ. ಆದರೆ ಆ ದಿನ ಅನುಭವವಾದದ ಅಳತೆಗೋಲು ಅವನ ಕೈಯಲ್ಲಿತ್ತು. ಹಾಗೆಂದು ಹ್ಯೂಮ್‌ಗೆ ದಾಸ್ಯದ ಕ್ರೌರ್ಯ ಗೊತ್ತಿರಲಿಲ್ಲವೆಂದಲ್ಲ. ಪ್ರಾಚೀನರ ಗುಲಾಮಗಿರಿ ಒಡೆಯರನ್ನೇ ಕಟುಕರನ್ನಾಗಿ ಮಾಡಿತೆಂದು 1752ರಲ್ಲಿ ಅವನೇ ಬರೆದಿದ್ದ. 1766ರಲ್ಲಿ ಅದೇ ಕೈ ಗ್ರೆನಡಾದ ತೋಟಗಳ ಖರೀದಿಗೆ ಶಿಫಾರಸಿನ ಕಾಗದ ಬರೆಯಿತು.

2020ರ ಸೆಪ್ಟೆಂಬರಿನಲ್ಲಿ ಇಲ್ಲಿನ ವಿಶ್ವವಿದ್ಯಾಲಯ ತನ್ನ ಡೇವಿಡ್ ಹ್ಯೂಮ್ ಟವರ್‌ಗೆ 40 ಜಾರ್ಜ್ ಸ್ಕ್ವೇರ್ ಎಂದು ಹೆಸರಿಟ್ಟಿತು. ಅದು ಸರಿಯೋ ತಪ್ಪೋ ಎಂಬ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ. ನನ್ನನ್ನು ಕಾಡುವುದು ಆ ‘ಒಡನಾಡುವವರು’ ಎಂಬ ಮಾತು. ಒಬ್ಬ ತೋಟದೊಡೆಯನ ಶೀಲವನ್ನು ಅಳೆಯಲು ಅವನ ಜೊತೆಯವರನ್ನು ಕೇಳಬೇಕು, ಸರಿ. ಯಾರನ್ನು? ಊಟದ ಮೇಜಿನ ಅತಿಥಿಗಳನ್ನೋ, ಕಬ್ಬಿನ ಗದ್ದೆಯವರನ್ನೋ? ಹ್ಯೂಮ್‌ನ ವಿಧಾನ ಎರಡನೆಯವರನ್ನು ಹೊರಗಿಡುವುದಿಲ್ಲ. ಆದರೆ ಅವರನ್ನು ಕೇಳಲೇಬೇಕೆಂಬ ಒತ್ತಾಯವೂ ಅದರಲ್ಲಿಲ್ಲ. ಕೇಳದೆ ಬಿಟ್ಟದ್ದು ಲೆಕ್ಕದಲ್ಲಿ ಕೊರತೆಯಾಗಿ ಕಾಣುವುದೇ ಇಲ್ಲ. ನಾನು ಕಿಟಕಿ ಮುಚ್ಚಿದಾಗಲೂ ನನ್ನ ಅನುಭವದಲ್ಲಿ ಏನೂ ಕಡಿಮೆಯಾದಂತೆ ಅನ್ನಿಸಿರಲಿಲ್ಲ.

ಹ್ಯೂಮ್ 1776ರ ಆಗಸ್ಟಿನಲ್ಲಿ ತೀರಿಕೊಂಡ. ಅವನು ತಿದ್ದಿಟ್ಟಿದ್ದ ಮುದ್ರಣ ಮರುವರ್ಷ ಬಂತು. ಅದರಲ್ಲಿ ಬಿಳಿಯರಲ್ಲದ ‘ಇತರ’ರನ್ನು ಕೀಳೆಂದ ಮಾತನ್ನು ಕೈಬಿಟ್ಟಿದ್ದಾನೆ. ಕಪ್ಪು ಜನರ ಮೇಲಿನ ಮಾತು ಹಾಗೆಯೇ ಉಳಿದಿದೆ. ಗಿಳಿಯೂ ಅಲ್ಲೇ ಇದೆ.