ಶಾಲು ಹೊದ್ದ ಸಲಹೆಗಾರರು

ನಮ್ಮ ಕಾಲೇಜುಗಳಿಗೆ ಹಳೆಯ ವಿದ್ಯಾರ್ಥಿಗಳು ನೆನಪಾಗೋದು ಹೆಚ್ಚಾಗಿ ಎರಡು ಸಂದರ್ಭದಲ್ಲಿ. ಕಟ್ಟಡದ ಮೇಲೆ ಇನ್ನೊಂದು ಮಹಡಿ ಎಬ್ಬಿಸಬೇಕಾದಾಗ, ಇಲ್ಲಾ ನ್ಯಾಕ್ ತಂಡ ಬರುವ ದಿನ ಹತ್ತಿರವಾದಾಗ. ಆಗ ವಾಟ್ಸಾಪ್ ಗ್ರೂಪುಗಳಲ್ಲಿ ಹುಡುಕಾಟ ಶುರು. ಬೆಂಗಳೂರಲ್ಲೋ ಪುಣೆಯಲ್ಲೋ ಒಳ್ಳೆ ಕೆಲಸದಲ್ಲಿರೋ ನಾಲ್ಕು ಜನರನ್ನು ಹಿಡಿದು ಕರೆಸುತ್ತಾರೆ. ಫ್ಲೆಕ್ಸು, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಬಂದವರು ಮೈಕ್ ಹಿಡಿದು ಕನಸು ಕಾಣಿ, ಕಷ್ಟಪಡಿ ಅಂತ ಹದಿನೈದು ನಿಮಿಷ ಮಾತಾಡಿ, ಊಟ ಮಾಡಿ, ಗ್ರೂಪ್ ಫೋಟೋಗೆ ನಿಂತು ಹೊರಡುತ್ತಾರೆ. ಈಚೆಗೆ ಇದಕ್ಕೊಂದು ಹೊಸ ಹೆಸರೂ ಬಂದಿದೆ: ಅಲುಮ್ನಿ ಅಡ್ವೈಸರ್. ಸಲಹಾ ಸಮಿತಿಗೆ ನೇಮಿಸಿದ್ದೇವೆ ಅಂತ ಪತ್ರ ಬರುತ್ತೆ, ಅದನ್ನ ಲಿಂಕ್ಡ್‌ಇನ್‌ನಲ್ಲಿ ಹಾಕ್ಕೊಳ್ತೀವಿ, ನೂರು ಜನ ಅಭಿನಂದನೆ ಹೇಳ್ತಾರೆ. ಕೆಮಿಸ್ಟ್ರಿ ಲ್ಯಾಬಿನ ಬ್ಯೂರೆಟ್ ಮಾತ್ರ ಮೊದಲಿನ ಹಾಗೇ ಸೋರುತ್ತಿರುತ್ತೆ.

ಇದಕ್ಕೆ ಕಾಲೇಜನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಅಳತೆಗೋಲೇ ಹಾಗಿದೆ. ನ್ಯಾಕ್ ಇಷ್ಟು ವರ್ಷ ಬಳಸಿಕೊಂಡು ಬಂದ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳಿಗೇ ಒಂದು ವಿಭಾಗ ಇದೆ. ಅಲ್ಲಿ ಮೊದಲು ಕೇಳೋದು, ನೋಂದಾಯಿತ ಸಂಘ ಇದೆಯೇ ಅಂತ. ಆಮೇಲೆ, ಅವರು ಕೊಟ್ಟ ಹಣ ಎಷ್ಟು ಲಕ್ಷ ಅಂತ. ಒಂದು ಲಕ್ಷಕ್ಕಿಂತ ಕಡಿಮೆ ಎನ್ನುವಲ್ಲಿಂದ ಐದು ಲಕ್ಷ ಮತ್ತು ಮೇಲ್ಪಟ್ಟು ಎನ್ನುವವರೆಗೆ ಮೆಟ್ಟಿಲು ಕಟ್ಟಿಟ್ಟಿದ್ದಾರೆ. ಹಣ ಬಿಟ್ಟು ಬೇರೆ ನೆರವಿನ ಬಗ್ಗೆಯೂ ಎರಡು ಪ್ಯಾರಾ ಬರೆಯಬಹುದು, ಆದರೆ ಅಂಕಿಯಲ್ಲಿ ಎಣಿಸುವುದು ಲಕ್ಷಗಳನ್ನೇ. ಯಾರೋ ಒಬ್ಬರು ವರ್ಷವಿಡೀ ತಿಂಗಳಿಗೊಮ್ಮೆ ಬಂದು ಐದನೇ ಸೆಮಿಸ್ಟರಿನ ಹುಡುಗಿಯರಿಗೆ ಕ್ವಾಂಟಮ್ ಮೆಕ್ಯಾನಿಕ್ಸ್ ಲೆಕ್ಕ ಬಿಡಿಸೋದು ಕಲಿಸಿದರು ಅಂದರೆ ಅದು ಯಾವ ಮೆಟ್ಟಿಲಿಗೆ ಬರುತ್ತೆ? ಎಣಿಕೆಗೆ ಸಿಗದ ಕೆಲಸವನ್ನು ಕಾಲೇಜು ಕೇಳುವುದಿಲ್ಲ, ಕೇಳದ ಕೆಲಸವನ್ನು ನಾವು ಮಾಡುವುದಿಲ್ಲ.

ಸರಿ, ಇದರಿಂದ ಯಾರಿಗೆ ಏನು ನಷ್ಟ? ಜಿಲ್ಲಾ ಕೇಂದ್ರದ, ತಾಲ್ಲೂಕು ಕೇಂದ್ರದ ಬಿಎಸ್ಸಿ ತರಗತಿಗಳಲ್ಲಿ ಕೂತವರನ್ನು ನೆನಪಿಸಿಕೊಳ್ಳಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲ ಮಗು, ಬೆಳಿಗ್ಗೆ ಏಳರ ಬಸ್ಸು. ಇವರಿಗೆ ಬುದ್ಧಿಯ ಕೊರತೆ ಇಲ್ಲ, ಸುದ್ದಿಯ ಕೊರತೆ. ಐಐಟಿಗಳಲ್ಲಿ ಎಂಎಸ್ಸಿ ಸೇರೋಕೆ, ಐಐಎಸ್ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಜ್ಯಾಮ್ ಪರೀಕ್ಷೆ ಇದೆ. ಅದು ನಡೆಯೋದು ಫೆಬ್ರವರಿಯಲ್ಲಿ, ಅರ್ಜಿ ಹಾಕಬೇಕಾದ್ದು ಹಿಂದಿನ ಸೆಪ್ಟೆಂಬರ್ ಸುಮಾರಿಗೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಇದೆ. ಸ್ಟೈಪೆಂಡ್ ಕೊಟ್ಟು ನಿಜವಾದ ಲ್ಯಾಬಿನಲ್ಲಿ ಕೆಲಸ ಮಾಡಿಸುತ್ತಾರೆ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರವೂ ಇಂಥದ್ದನ್ನು ನಡೆಸುತ್ತೆ. ಇಂಥ ಬೇಸಿಗೆಯ ಅವಕಾಶಗಳಿಗೆ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ತಯಾರಾಗಿರಬೇಕು. ಬೆಂಗಳೂರಿನ ಹೆಸರುವಾಸಿ ಕಾಲೇಜಿನ ಹುಡುಗನಿಗೆ ಇದು ಸೀನಿಯರ್ ಬಾಯಿಂದ ಕ್ಯಾಂಟೀನಿನಲ್ಲೇ ಗೊತ್ತಾಗುತ್ತೆ. ತಾಲ್ಲೂಕಿನ ಹುಡುಗಿಗೆ ಗೊತ್ತಾಗೋದು ಏಪ್ರಿಲ್‌ನಲ್ಲಿ, ಯಾರದೋ ಸ್ಟೇಟಸ್ ನೋಡಿ. ಅಷ್ಟರಲ್ಲಿ ಮನೆಯಲ್ಲಿ ಬಿಎಡ್ ಮಾಡಿಸೋಣ ಅಂತಲೋ, ಗಂಡು ನೋಡೋಣ ಅಂತಲೋ ತೀರ್ಮಾನ ಆಗಿರುತ್ತೆ.

ಪಿಎಚ್‌ಡಿ ವಿಷಯಕ್ಕೇ ಬನ್ನಿ. ಪಿಎಚ್‌ಡಿ ಅಂದರೆ ಇನ್ನೂ ಐದು ವರ್ಷ ಫೀಸು ಕಟ್ಟೋದು ಅಂತ ತಿಳಿದುಕೊಂಡಿರೋ ಅಪ್ಪ ಅಮ್ಮಂದಿರು ಈಗಲೂ ಇದ್ದಾರೆ. ನೆಟ್ ಬರೆದು ಜೆಆರ್‌ಎಫ್ ಸಿಕ್ಕಿದರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್, ಜೊತೆಗೆ ಮನೆ ಬಾಡಿಗೆ ಭತ್ಯೆ. ಇದನ್ನು ಆ ಅಪ್ಪನಿಗೆ ಫೋನ್ ಮಾಡಿ, ಅದೇ ಊರಿನ ಕನ್ನಡದಲ್ಲಿ, ಅದೇ ಕಾಲೇಜಿನಲ್ಲಿ ಓದಿದವರೊಬ್ಬರು ಹೇಳಿದರೆ ಅದರ ತೂಕವೇ ಬೇರೆ. ವೆಬ್‌ಸೈಟಿಗೆ ಆ ತೂಕ ಇಲ್ಲ. ನಾವು ಕೊಡಬಹುದಾದ ಮೊದಲ ನೆರವು ಇಂಥ ಒಂದು ಫೋನು. ಇದಕ್ಕೆ ಖರ್ಚು ಇಪ್ಪತ್ತು ನಿಮಿಷ.

ಬದಲಿಗೆ ನಾವು ಮಾಡ್ತಿರೋದೇನು? ವಿಜ್ಞಾನ ವಿಭಾಗದ ವೇದಿಕೆ ಹತ್ತಿ, 'ಪ್ಲೇನ್ ಬಿಎಸ್ಸಿಗೆ ಈಗ ಬೆಲೆ ಇಲ್ಲ, ಕೋಡಿಂಗ್ ಕಲೀರಿ' ಅಂತ ಹೇಳಿ ಇಳೀತೀವಿ. ಎದುರಿಗೆ ಇಪ್ಪತ್ತು ವರ್ಷದಿಂದ ಫಿಸಿಕ್ಸ್ ಹೇಳಿಕೊಡ್ತಿರೋ ಮೇಡಂ ಕೂತಿರ್ತಾರೆ. ಚಪ್ಪಾಳೆ ತಟ್ಟಬೇಕಾದ ಕರ್ಮ ಅವರದ್ದು. ಕೋಡಿಂಗ್ ಬೇಡ ಅಂತ ನಾನೂ ಹೇಳ್ತಿಲ್ಲ. ಅದೇ ಪೈಥಾನನ್ನು ಲೋಲಕದ ಪ್ರಯೋಗದ ರೀಡಿಂಗುಗಳಿಗೆ ಗ್ರಾಫ್ ಹಾಕೋಕೆ, ದೋಷ ಎಷ್ಟಿದೆ ಅಂತ ಲೆಕ್ಕ ಮಾಡೋಕೆ ಕಲಿಸಿ. ಆಗ ಅದು ಫಿಸಿಕ್ಸ್ ವಿಭಾಗಕ್ಕೆ ಬಲ. ವಿಭಾಗವನ್ನು ಬಿಟ್ಟು ಓಡಿ ಅಂತ ಹೇಳೋದಕ್ಕೆ ವಿಭಾಗದ ಸಲಹೆಗಾರ ಅನ್ನೋ ಪದವಿ ಯಾಕೆ ಬೇಕು? ನಮ್ಮಲ್ಲಿ ತುಂಬಾ ಜನರಿಗೆ ಗೊತ್ತಿರೋದು ಒಂದೇ ಜೀವನಚರಿತ್ರೆ, ನಮ್ಮದು. ಅದನ್ನೇ ಸಲಹೆ ಅಂತ ಬಡಿಸ್ತೀವಿ.

ದಾನದ ವಿಷಯದಲ್ಲೂ ಇದೇ ಕಥೆ. ಒಂದು ಬ್ಯಾಚು ಸೇರಿ ಸ್ಪೆಕ್ಟ್ರೋಫೋಟೋಮೀಟರ್ ಕೊಡಿಸುತ್ತೆ. ಮೇಲೆ ಹಿತ್ತಾಳೆ ಫಲಕ, ರಿಬ್ಬನ್ ಕತ್ತರಿಸೋ ಕಾರ್ಯಕ್ರಮ. ಅದರೊಳಗಿನ ಡ್ಯುಟೀರಿಯಂ ದೀಪಕ್ಕೆ ಇಂತಿಷ್ಟು ಗಂಟೆ ಅಂತ ಆಯಸ್ಸು ಇರುತ್ತೆ. ದೀಪ ಹೋದ ದಿನ ಬದಲಾಯಿಸೋಕೆ ಕಾಲೇಜಿನಲ್ಲಿ ಬಾಬ್ತು ಇರಲ್ಲ, ಹೊಸ ದೀಪಕ್ಕೆ ಫಲಕ ಹಾಕಲ್ಲ ಅಂತ ಕೊಡೋರೂ ಇರಲ್ಲ. ಬಟ್ಟೆ ಮುಚ್ಚಿದ ಯಂತ್ರ ನ್ಯಾಕ್ ತಂಡಕ್ಕೆ ತೋರಿಸೋಕೆ ಮಾತ್ರ. ವಿಭಾಗಗಳಿಗೆ ನಿಜವಾಗಿ ಬೇಕಿರೋದು ದೀಪ, ಫ್ಯೂಸು, ಸಿಲ್ವರ್ ನೈಟ್ರೇಟು, ವರ್ಷಕ್ಕೊಮ್ಮೆ ಬಂದು ತಕ್ಕಡಿ ಸರಿ ಮಾಡೋ ಮೆಕ್ಯಾನಿಕ್ಕು. ಇನ್ನೊಂದು ದಾರಿಯೂ ಇದೆ. ದೆಹಲಿಯ ಇಂಟರ್ ಯೂನಿವರ್ಸಿಟಿ ಆ್ಯಕ್ಸಿಲರೇಟರ್ ಸೆಂಟರ್ ರೂಪಿಸಿದ ಎಕ್ಸ್‌ಪ್‌ಐಸ್ ಅನ್ನೋ ಪುಟ್ಟ ಪೆಟ್ಟಿಗೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಆಸಿಲೋಸ್ಕೋಪಿನ ಎಷ್ಟೋ ಕೆಲಸ ಮಾಡುತ್ತೆ. ಫೈಫಾಕ್ಸ್ ಅನ್ನೋ ಉಚಿತ ಆ್ಯಪ್ ಇದ್ದರೆ ಹುಡುಗರ ಜೇಬಿನ ಮೊಬೈಲೇ ವೇಗೋತ್ಕರ್ಷ ಅಳೆಯುತ್ತೆ. ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿರೋ ಹಳೆಯ ವಿದ್ಯಾರ್ಥಿ ಒಂದು ಶನಿವಾರ ಹೋಗಿ, ಮೇಷ್ಟ್ರು ಜೊತೆ ಕೂತು ನಾಲ್ಕು ಪ್ರಯೋಗ ಮಾಡಿ ತೋರಿಸಿದರೆ, ಅದು ಮುಂದಿನ ಹತ್ತು ಬ್ಯಾಚಿಗೆ ಉಳಿಯುತ್ತೆ.

ಮೇಷ್ಟ್ರು ಜೊತೆ ಅಂದೆ. ಇಡೀ ವ್ಯವಸ್ಥೆಯಲ್ಲಿ ಯಾರೂ ನೋಡದೇ ಇರೋದು ಅವರನ್ನೇ. ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. 2021ರಲ್ಲಿ ನಾಲ್ಕು ವರ್ಷದ ಪದವಿ ಅಂತ ಪಠ್ಯಕ್ರಮ ಬದಲಾಯಿತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್. ಎರಡು ಸಲವೂ ಹೊಸ ನೋಟ್ಸು, ಹೊಸ ಲ್ಯಾಬ್ ಮ್ಯಾನ್ಯುಯಲ್ಲು, ಹೊಸ ಪ್ರಶ್ನೆಪತ್ರಿಕೆ ಬರೆದವರು ಅವರೇ. ಅಂಥವರ ಮುಂದೆ ಹೋಗಿ 'ನೀವು ಇಂಡಸ್ಟ್ರಿಗೆ ತಕ್ಕ ಹಾಗೆ ಪಾಠ ಮಾಡ್ತಿಲ್ಲ' ಅನ್ನೋದು ಸಲಹೆಯಲ್ಲ, ಗಾಯದ ಮೇಲೆ ಬರೆ. 'ಸರ್, ಈ ಸೆಮಿಸ್ಟರಿನಲ್ಲಿ ಯಾವ ಪಾಠ ಕಷ್ಟ ಆಗ್ತಿದೆ? ನನ್ನಿಂದ ಏನಾದ್ರೂ ಆಗುತ್ತಾ?' ಅಂತ ಮೊದಲು ಕೇಳೋಣ. ಅವರು ಹೇಳಿದ್ದು ಚಿಕ್ಕ ಕೆಲಸವೇ ಇರಬಹುದು. ಒಂದು ಸಂಶೋಧನಾ ಲೇಖನ ಹುಡುಕಿಕೊಡೋದು, ಒಂದು ಕಾರ್ಖಾನೆಯ ಕ್ವಾಲಿಟಿ ಕಂಟ್ರೋಲ್ ಲ್ಯಾಬಿಗೆ ಮೂವತ್ತು ಮಕ್ಕಳನ್ನು ಒಳಗೆ ಬಿಡಿಸೋದು. ಅದನ್ನೇ ಮಾಡಿ ಮುಗಿಸಿದರೆ ಎರಡನೇ ಸಲ ಅವರು ದೊಡ್ಡದನ್ನು ಕೇಳ್ತಾರೆ.

ಸ್ವಾಯತ್ತ ಕಾಲೇಜುಗಳಲ್ಲಿ ಇನ್ನೊಂದು ಬಾಗಿಲಿದೆ. ಪಠ್ಯಕ್ರಮ ತೀರ್ಮಾನಿಸುವ ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಇರಬೇಕು ಅಂತ ಯುಜಿಸಿ ನಿಯಮವೇ ಹೇಳುತ್ತೆ. ಬಹಳ ಕಡೆ ಆ ಕುರ್ಚಿ ಸಹಿಗಷ್ಟೇ ಸೀಮಿತ. ಚಹಾ, ಗೋಡಂಬಿ, ಸಹಿ. ಹಿಂದಿನ ದಿನ ಪಠ್ಯಕ್ರಮ ಓದಿಕೊಂಡು ಹೋಗಿ, 'ಈ ಪ್ರಯೋಗಕ್ಕೆ ಬೇಕಾದ ಉಪಕರಣ ನಮ್ಮಲ್ಲಿ ಇದೆಯಾ?' ಅಂತ ಒಂದು ಪ್ರಶ್ನೆ ಕೇಳಿದರೂ ಸಾಕು, ಆ ಸಭೆಯ ಗತಿ ಬದಲಾಗುತ್ತೆ.

ನಿಯಮಿತವಾಗಿ ಬರೋದು ಎಷ್ಟು ದೊಡ್ಡ ಶಕ್ತಿ ಅನ್ನೋಕೆ ನಮ್ಮೂರಿನದೇ ಉದಾಹರಣೆ ಇದೆ. ಗೌರಿಬಿದನೂರು ಕಡೆಯ ಹೊಸೂರಿನಿಂದ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಎಚ್. ನರಸಿಂಹಯ್ಯ, ಮುಂದೆ ಅದೇ ಸಂಸ್ಥೆಯ ಕಾಲೇಜಿಗೆ ಭೌತಶಾಸ್ತ್ರದ ಅಧ್ಯಾಪಕರಾಗಿ ಬಂದರು. ಅಮೆರಿಕದ ಓಹಿಯೋದಲ್ಲಿ ಪಿಎಚ್‌ಡಿ ಮುಗಿಸಿದ ಮೇಲೂ ಅಲ್ಲಿಗೇ ವಾಪಸ್. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಾರಕ್ಕೊಂದು ವಿಜ್ಞಾನ ಉಪನ್ಯಾಸ, ಜುಲೈ ಬಂತೆಂದರೆ ವಿಜ್ಞಾನ ಉತ್ಸವ. ದೊಡ್ಡ ವಿಜ್ಞಾನಿಗಳು ಕಾಲೇಜಿನ ಸಭಾಂಗಣಕ್ಕೆ ಬಂದು, ಪ್ರವೇಶ ಶುಲ್ಕವಿಲ್ಲದೆ ಕೂತ ಹುಡುಗರ ಪ್ರಶ್ನೆಗೆ ಉತ್ತರ ಕೊಟ್ಟರು. ಎಚ್ಚೆನ್ ಥರ ಇಡೀ ಜೀವನ ಕೊಡಿ ಅಂತ ನಮ್ಮನ್ನು ಯಾರೂ ಕೇಳಲ್ಲ, ಕೇಳಿದರೂ ನಮ್ಮ ಕೈಲಾಗಲ್ಲ. ಆದರೆ ಅವರ ಕೆಲಸ ಉಳಿದದ್ದು ಅದು ವಾರ ತಪ್ಪದೆ ನಡೆದದ್ದಕ್ಕೆ. ಭಾಷಣ ಚೆನ್ನಾಗಿತ್ತೋ ಇಲ್ಲವೋ, ಮುಂದಿನ ವಾರ ಮತ್ತೆ ಇರುತ್ತೆ ಅನ್ನೋ ನಂಬಿಕೆ ಹುಟ್ಟಿತು. ವರ್ಷಕ್ಕೊಮ್ಮೆ ಬರುವ ಸಲಹೆಗಾರನ ಮೇಲೆ ಅಂಥ ನಂಬಿಕೆ ಹುಟ್ಟೋದಿಲ್ಲ.

ಹಾಗಂತ ಹಳೆಯ ವಿದ್ಯಾರ್ಥಿಗಳು ಬಂದರೆ ಎಲ್ಲಾ ಒಳ್ಳೆಯದೇ ಆಗುತ್ತೆ ಅಂತಲೂ ಅಲ್ಲ. ತನ್ನ ಸ್ಟಾರ್ಟಪ್ಪಿಗೆ ಬಿಟ್ಟಿ ಇಂಟರ್ನ್‌ಗಳು ಸಿಗ್ತಾರೆ ಅಂತ ಸಲಹೆಗಾರ ಆಗೋರಿದ್ದಾರೆ. ಎಚ್‌ಓಡಿಯನ್ನು ದಾಟಿ ನೇರ ಮ್ಯಾನೇಜ್‌ಮೆಂಟಿಗೆ ಮೇಲ್ ಹಾಕಿ ಯಜಮಾನಿಕೆ ಮಾಡೋರಿದ್ದಾರೆ. ತಮ್ಮ ಜಾತಿಯ, ತಮ್ಮ ಓಣಿಯ ಮಕ್ಕಳಿಗೆ ಮಾತ್ರ ದಾರಿ ತೋರಿಸೋರೂ ಇದ್ದಾರೆ. ಇಂಟರ್ನ್ ಅಂದರೆ ಸಂಬಳ ಕೊಡಬೇಕು, ಮಾಹಿತಿ ಅಂದರೆ ನೋಟೀಸ್ ಬೋರ್ಡಿಗೆ ಹೋಗಬೇಕು, ಮಾತು ಅಂದರೆ ವಿಭಾಗದ ಮೂಲಕ ಹೋಗಬೇಕು. ಇಷ್ಟು ಕಟ್ಟುಪಾಡು ಇಲ್ಲದಿದ್ದರೆ ಶಾಲಿನ ಸಲಹೆಗಾರನೇ ವಾಸಿ, ಅವನಿಂದ ಹಾನಿಯಾದರೂ ಇಲ್ಲ.

ದುಡ್ಡು ಬೇಡವಾ ಅಂತ ಕೇಳಬಹುದು. ಬೇಕು. ಆದರೆ ಲ್ಯಾಬ್ ಕಟ್ಟೋದು, ಖಾಲಿ ಹುದ್ದೆ ತುಂಬೋದು ಸರ್ಕಾರದ, ಆಡಳಿತ ಮಂಡಳಿಯ ಜವಾಬ್ದಾರಿ. ನಮ್ಮ ಚಂದಾ ಹಣದಿಂದ ಅವರು ಕೈ ತೊಳೆದುಕೊಳ್ಳುವ ಹಾಗಾಗಬಾರದು. ಹಳೆಯ ವಿದ್ಯಾರ್ಥಿಗಳ ದುಡ್ಡು ಸರ್ಕಾರದ ಕಣ್ಣಿಗೆ ಬೀಳದ ಸಣ್ಣ ಖರ್ಚುಗಳಿಗೆ ಹೋಗಲಿ: ಪರೀಕ್ಷೆಯ ಅರ್ಜಿ ಶುಲ್ಕ, ಇಂಟರ್‌ವ್ಯೂಗೆ ಬೆಂಗಳೂರಿಗೋ ಪುಣೆಗೋ ಹೋಗಿ ಬರುವ ರೈಲು ಚಾರ್ಜು, ಸೀಟು ಸಿಕ್ಕಿದ ವಾರ ಕಟ್ಟಬೇಕಾದ ಹಾಸ್ಟೆಲ್ ಡಿಪಾಸಿಟ್ಟು. ಎಷ್ಟೋ ಸೀಟುಗಳು ಕೈತಪ್ಪೋದು ಇಷ್ಟಕ್ಕೇ.

ಲೆಕ್ಕ ಸುಲಭವಾಗಿ ಇಟ್ಟುಕೊಳ್ಳೋಣ. ಇಡೀ ಕಾಲೇಜು ಬೇಡ, ಒಂದು ವಿಭಾಗ. ತಿಂಗಳಿಗೆ ಎರಡು ಗಂಟೆ. ಕನಿಷ್ಠ ಎರಡು ವರ್ಷ, ಯಾಕಂದ್ರೆ ಮೊದಲ ವರ್ಷ ಮಕ್ಕಳು ನಿಮ್ಮನ್ನು ನಂಬೋದಕ್ಕೇ ಹೋಗುತ್ತೆ. ಜೂನ್‌ನಲ್ಲಿ ಎಚ್‌ಓಡಿಗೆ ಫೋನ್ ಮಾಡಿ ಬೇಕುಗಳ ಪಟ್ಟಿ ಕೇಳಿ. ಆಗಸ್ಟ್‌ನಲ್ಲಿ ಅರ್ಜಿಗಳ ಕ್ಯಾಲೆಂಡರು ಕನ್ನಡದಲ್ಲಿ ಬರೆದು ನೋಟೀಸ್ ಬೋರ್ಡಿಗೆ ಅಂಟಿಸಿ. ಸೆಪ್ಟೆಂಬರ್‌ನಲ್ಲಿ ಕೊನೆಯ ವರ್ಷದ ಮಕ್ಕಳ ಜೊತೆ ಕೂತು, ಯಾರು ಅರ್ಜಿ ಹಾಕಿದ್ರು, ಯಾರು ಹಾಕಲಿಲ್ಲ, ಯಾಕೆ ಹಾಕಲಿಲ್ಲ ಅಂತ ಒಬ್ಬೊಬ್ಬರನ್ನೇ ಕೇಳಿ. ಆ 'ಯಾಕೆ'ಗೆ ಸಿಗುವ ಉತ್ತರಗಳೇ ಮುಂದಿನ ವರ್ಷಕ್ಕೆ ನಿಮ್ಮ ಕೆಲಸದ ಪಟ್ಟಿ.